ಕೊಬ್ಬರಿ ಸೀಮೆಯ ಕಂಪ್ಯೂಟರಿಗೆ ಎಂಥ ಗಾಳಿ?

ತುಮಕೂರು ಜಿಲ್ಲೆಯ ಬೋರನಕಣಿವೆ ಜಲಾಶಯದ ಸುತ್ತಿನ ಹಳ್ಳಿಗಳಿಂದ ಹಿಡಿದು ತಿಪಟೂರು, ತುರುವೇಕೆರೆಯವರೆಗೆ ತೆಂಗಿನ ವ್ಯವಹಾರವೆಲ್ಲ ಈಗ ಕಂಪ್ಯೂಟರ್ ದಾಟಿಯೇ ಸಾಗಬೇಕು. ತಿಪಟೂರು ಎಪಿಎಂಸಿಯಲ್ಲಿ ಕೊಬ್ಬರಿ ಟೆಂಡರ್ ಆನ್‌ಲೈನ್, ಪಹಣಿಯೂ ಆನ್‌ಲೈನ್. 2024ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,000 ರೂಪಾಯಿ ಬೆಂಬಲ ಬೆಲೆ ಗೊತ್ತಾದಾಗ ನಾಫೆಡ್ ಖರೀದಿಗೆ ಹೆಸರು ಬರೆಸಲು ರೈತರು ಸಾಲುಗಟ್ಟಿ ನಿಂತದ್ದೂ ಕಂಪ್ಯೂಟರಿನ ಮುಂದೆಯೇ. ಇಂಥ ಕೌಂಟರುಗಳಲ್ಲಿ ಕೆಲಸ ನಿಂತರೆ ಎಲ್ಲೆಡೆ ಕೇಳಿಬರುವ ಉತ್ತರ ಒಂದೇ: ‘ಸರ್ವರ್ ಇಲ್ಲ’. ಎಷ್ಟೋ ಸಲ ಅದು ನಿಜವೂ ಹೌದು. ಆದರೆ ಮೇಜಿನ ಕೆಳಗಿನ ಕ್ಯಾಬಿನೆಟ್ಟನ್ನು ಬಗ್ಗಿ ನೋಡುವವರು ಅಪರೂಪ.

ಈ ಭಾಗದ ಧೂಳೂ ಬೇರೆ ಥರದ್ದು. ನಾರಿನ ಘಟಕಗಳಿಂದ ಎದ್ದ ಪುಡಿ, ಒಣ ಮಣ್ಣು, ಚಿಕ್ಕನಾಯಕನಹಳ್ಳಿ ಕಡೆ ಗಣಿಯ ಲಾರಿ ಓಡಾಡುವ ದಾರಿಗಳಲ್ಲಿ ಅದಿರಿನ ಪುಡಿ. ತೆಂಗಿನ ನಾರಿನ ಸಣ್ಣ ಎಳೆ ಪ್ರೊಸೆಸರಿನ ಶಾಖ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳ ಸಂದಿಗೆ ಅಡ್ಡ ಸಿಕ್ಕಿಕೊಂಡರೆ ಆಮೇಲೆ ಬಂದ ಧೂಳೆಲ್ಲ ಅದಕ್ಕೇ ಅಂಟುತ್ತದೆ. ಶಾಖ ಹೊರಹೋಗದೆ ಪ್ರೊಸೆಸರ್ 100 ಡಿಗ್ರಿಯ ಹತ್ತಿರ ಹೋದಾಗ ಸುಟ್ಟುಹೋಗದಂತೆ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕೂತವರಿಗೆ ಅದು ‘ಸ್ಲೋ’.

ಇದಕ್ಕೆ ಊರಿನ ಮದ್ದು ಎರಡು. ಒಂದು, ಪಕ್ಕದ ಬಾಗಿಲು ಬಿಚ್ಚಿಟ್ಟು ಟೇಬಲ್ ಫ್ಯಾನ್ ತಿರುಗಿಸುವುದು. ಇನ್ನೊಂದು, ಹಿಂದೆ ಮತ್ತೊಂದು ಫ್ಯಾನ್ ಕೂರಿಸುವುದು. ಎರಡನೆಯದು ಜಾಣತನದಂತೆ ಕಂಡರೂ ಇಲ್ಲಿಗೆ ತಪ್ಪು. ಅಗ್ಗದ ಹಳೆಯ ಕ್ಯಾಬಿನೆಟ್ಟಿನಲ್ಲಿ ಮೇಲ್ಗಡೆ ಕೂತ ಎಸ್‌ಎಂಪಿಎಸ್, ಅಂದರೆ ವಿದ್ಯುತ್ ಪೂರೈಸುವ ಪೆಟ್ಟಿಗೆ, ಆಗಲೇ ಒಳಗಿನ ಗಾಳಿ ಎಳೆದು ಹೊರಗೆ ಬಿಡುತ್ತಿರುತ್ತದೆ. ಹಿಂದಿನ ಫ್ಯಾನಿನದೂ ಅದೇ ಕೆಲಸ. ಒಳಗೆ ತಳ್ಳುವುದು ಒಂದೂ ಇಲ್ಲದಿದ್ದರೆ ಒಳಗಿನ ಒತ್ತಡ ಹೊರಗಿಗಿಂತ ಕಡಿಮೆಯಾಗಿ, ಯುಎಸ್‌ಬಿ ಕಿಂಡಿ, ಸಿಡಿ ಡ್ರೈವ್, ಖಾಲಿ ಸ್ಲಾಟು, ಕಂಡ ಕಂಡ ಸಂದಿಯಿಂದ ಗಾಳಿ ನುಗ್ಗುತ್ತದೆ. ಆ ಸಂದಿಗಳಿಗೆ ಧೂಳು ತಡೆಯುವ ಜಾಲರಿ ಎಲ್ಲಿಂದ ಬರಬೇಕು?

ಬೇಕಾದ್ದು ತಿರುವುಮುರುವು. ಹೊರಹೋಗುವುದಕ್ಕಿಂತ ಒಳಬರುವ ಗಾಳಿ ತುಸು ಹೆಚ್ಚಿರಲಿ, ಅದು ಮುಂದಿನ ಜಾಲರಿ ಹಾದೇ ಬರಲಿ. ಆಗ ಸಂದಿಗಳಿಂದ ಗಾಳಿ ಹೊರಗೆ ಸೋರುತ್ತದೆ. ಒಳಗೂ ಹೊರಗೂ ಸರಿಸಮ ಇರಬೇಕೆಂಬ ವಾದವಿದೆ, ಧೂಳಿಲ್ಲದ ಎಸಿ ಕೋಣೆಗೆ ಅದು ಸಾಕು. ಇಲ್ಲಿ ಸಾಲದು. ಫ್ಯಾನಿನ ಡಬ್ಬಿಯ ಮೇಲೆ ಬರೆದ ಗಾಳಿಯ ಅಳತೆ ಎದುರಿಗೆ ಅಡ್ಡಿಯಿಲ್ಲದಾಗಿನದು, ಜಾಲರಿ ಬಂದ ಕೂಡಲೇ ಅದು ಇಳಿಯುತ್ತದೆ. ಹಾಗಾಗಿ ಮುಂದೆ 120 ಮಿಲಿಮೀಟರಿನ ಎರಡು, ಹಿಂದೆ ಅಂಥದೇ ಒಂದು ಇದ್ದರೂ ಎಸ್‌ಎಂಪಿಎಸ್ ಎಳೆಯುವುದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತಕ್ಕಡಿ ಮತ್ತೆ ಹಿಂದಕ್ಕೇ ವಾಲೀತು.

ಪರೀಕ್ಷೆಗೆ ಒಂದು ಊದುಬತ್ತಿ ಸಾಕು. ಯಂತ್ರ ಓಡುವಾಗ ಹಚ್ಚಿದ ಕಡ್ಡಿಯನ್ನು ಖಾಲಿ ಸ್ಲಾಟಿನ ಬಳಿ ಹಿಡಿದರೆ ಹೊಗೆ ಒಳಗೆ ಎಳೆದುಕೊಂಡಿತೋ, ಹೊರಕ್ಕೆ ಸರಿಯಿತೋ ಕಣ್ಣಿಗೇ ಕಾಣುತ್ತದೆ. ಜಾಲರಿ ಕಟ್ಟಿಕೊಂಡರೆ, ಮೊದಲು ಹೊರಕ್ಕೆ ಸರಿಯುತ್ತಿದ್ದ ಹೊಗೆ ತಿಂಗಳು ಕಳೆದ ಮೇಲೆ ಒಳಗೆ ಹೋಗುವುದೂ ಉಂಟು. ಜಾಲರಿ ತೊಳೆಯದಿದ್ದರೆ ಮೇಲಿನ ಲೆಕ್ಕವೆಲ್ಲ ನೀರಲ್ಲಿ ಹೋಮ.

ಗಾಳಿಯಾಟದ ಬೆಲೆ ಈ ಸೀಮೆಗೆ ಹೊಸತಲ್ಲ. ಉಂಡೆ ಕೊಬ್ಬರಿಗೆಂದು ಕಾಯನ್ನು ಎಂಟು ಹತ್ತು ತಿಂಗಳು ಸಂದಿ ಬಿಟ್ಟ ಅಟ್ಟದ ಮೇಲೆ ಇಟ್ಟು ಒಣಗಿಸುವವರಿಗೆ ಯಾರೂ ಅದನ್ನು ಹೇಳಿಕೊಡಬೇಕಿಲ್ಲ. ಕಂಪ್ಯೂಟರ್ ಖರೀದಿಸುವ ಕಚೇರಿಗಳಿಗೆ ಮಾತ್ರ ಹೇಳಬೇಕಾಗಿದೆ. ಟೆಂಡರ್ ಎಂದರೆ ಪ್ರೊಸೆಸರ್, ರ‍್ಯಾಮ್, ಹಾರ್ಡ್‌ಡಿಸ್ಕ್ ಎಂದಷ್ಟೇ ನೋಡುವ ರೂಢಿ ಬಿಟ್ಟು, ನಾರಿನ ಸೀಮೆಗೆ ಕಳಿಸುವ ಯಂತ್ರಕ್ಕೆ ಮುಂದೆ ಕಳಚಿ ತೊಳೆಯಬಲ್ಲ ಜಾಲರಿ, ಅದರ ಹಿಂದೆ ಕನಿಷ್ಠ ಎರಡು ಫ್ಯಾನ್ ಎಂದು ಒಂದು ಸಾಲು ಸೇರಿಸಬೇಕು. ವಾರ್ಷಿಕ ನಿರ್ವಹಣೆಯ ಕರಾರಿನಲ್ಲಿ ಜಾಲರಿ ತೊಳೆಯುವವರು ಯಾರು, ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಬರೆದಿಡಬೇಕು.