ತೋಳಿಗೆ ಬೆಲೆ, ಆಳಿಗಿಲ್ಲ!

ದನಗಳ ಜಾತ್ರೆಯಲ್ಲಿ ಹೋರಿಯ ಹಲ್ಲು ನೋಡಿ, ಬೆನ್ನು ಸವರಿ, ವಲ್ಲಿಯ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ನಾವೆಲ್ಲ ಕಂಡಿದ್ದೇವೆ. ಅಮೆರಿಕಾದ ಬೇಸ್‌ಬಾಲ್ ಧಣಿಗಳು ಮನುಷ್ಯನ ತೋಳಿಗೆ ಹೀಗೆಯೇ ಬೆಲೆ ಕಟ್ಟುತ್ತಾರೆ. ವ್ಯತ್ಯಾಸ ಒಂದೇ. ಜಾತ್ರೆಯಲ್ಲಿ ಕೊಂಡ ಹೋರಿ ಮರುವಾರ ಕುಂಟಿದರೆ ನಷ್ಟ ಕೊಂಡವನಿಗೆ. ಇವರ ಜಾತ್ರೆಯಲ್ಲಿ ನಷ್ಟ ಹೋರಿಗೇ!

ಕ್ರಿಕೆಟ್ಟಿಗೆ ಬೌಲರ್ ಇದ್ದಂತೆ ಬೇಸ್‌ಬಾಲಿಗೆ ಪಿಚರ್. ಮೇಜರ್ ಲೀಗಿನ 30 ತಂಡಗಳು ಹದಿನೆಂಟು-ಇಪ್ಪತ್ತರ ಹುಡುಗರಿಂದ ಸಹಿ ಹಾಕಿಸಿಕೊಂಡು, ಮೈನರ್ ಲೀಗ್ ಎಂಬ ಕೆಳಗಿನ ಮೆಟ್ಟಿಲುಗಳಲ್ಲಿ ವರ್ಷಗಟ್ಟಲೆ ಆಡಿಸುತ್ತವೆ. ಗಿರಣಿಯ ಬದಲಿ ಕೆಲಸಗಾರನ ಪಾಡು ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ. ದುಡಿಮೆ ಪೂರಾ, ಖಾಯಂ ಎಂಬುದು ಬರೀ ಭರವಸೆ. ಸ್ಕೌಟ್ ಎಂಬ ಪರೀಕ್ಷಕ ಬಂದು 20ರಿಂದ 80ರವರೆಗೆ ಅಂಕ ಕೊಡುತ್ತಾನೆ. 50 ಎಂದರೆ ಮೇಜರ್ ಲೀಗಿನ ಸಾಧಾರಣ ಮಟ್ಟ. ವೇಗದ ಎಸೆತಕ್ಕೆ ಬೇರೆ ಅಂಕ, ಬಾಗುವ ಎಸೆತಕ್ಕೆ ಬೇರೆ, ಹಿಡಿತಕ್ಕೆ ಬೇರೆ. ಇಂದಿನ ಅಂಕ ಒಂದು, ಮುಂದೆ ಬಂದೀತೆಂಬ ಅಂಕ ಇನ್ನೊಂದು. ಅಂಕ ಕೊಡುವುದನ್ನು ನಾನು ದೂರಲಾರೆ, ಮೇಷ್ಟರಾಗಿದ್ದವನು. ಆದರೆ ಹುಡುಗ ಏನು ಉಂಡ, ಎಲ್ಲಿ ಮಲಗಿದ, ಅವನಿಗೆ ಕಲಿಸಿದವರು ಯಾರು ಎಂಬುದು ಯಾವ ಅಂಕದಲ್ಲಿ ಸೇರಿದೆ?

ಸ್ಟೀವ್ ಡಾಲ್ಕೌಸ್ಕಿಯ ಕಥೆ ಕೇಳಿ. 1957ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ಅವನನ್ನು ಹಿಡಿಯಿತು. ಅವನಷ್ಟು ವೇಗವಾಗಿ ಎಸೆದವರನ್ನು ತಾವು ಕಂಡಿಲ್ಲವೆಂದು ಹಳಬರು ಹೇಳುತ್ತಿದ್ದರು. ಆ ಮೊದಲ ವರ್ಷ 62 ಇನಿಂಗ್ಸಿನಲ್ಲಿ 121 ಜನರನ್ನು ಔಟ್ ಮಾಡಿದ. ಗುರಿ ತಪ್ಪಿ 129 ಜನರನ್ನು ಪುಕ್ಕಟೆಯಾಗಿ ಬೇಸಿಗೆ ಬಿಟ್ಟ. 1960ರಲ್ಲಿ 170 ಇನಿಂಗ್ಸಿಗೆ 262 ಪುಕ್ಕಟೆ! ವೇಗ ಕಂಡು ಬಾಯಿ ಬಿಟ್ಟವರೇ ಎಲ್ಲರೂ. 1962ರಲ್ಲಿ ಎಲ್ಮೈರಾ ತಂಡದ ಮ್ಯಾನೇಜರ್ ಅರ್ಲ್ ವೀವರ್ ಅವನನ್ನು ಕೂರಿಸಿಕೊಂಡು ಸರಳ ಮಾತಿನಲ್ಲಿ ತಿದ್ದಿದ ಮೇಲೆ 160 ಇನಿಂಗ್ಸಿಗೆ 114ಕ್ಕೆ ಇಳಿಯಿತು. ಐದು ವರ್ಷ ತಡವಾಗಿ ಸಿಕ್ಕ ಪಾಠ. ಮರುವರ್ಷ, 1963ರ ಮಾರ್ಚಿಯಲ್ಲಿ, ಮೇಜರ್ ಲೀಗಿನ ಹೊಸ್ತಿಲಲ್ಲೇ ಮೊಣಕೈ ಕೆಟ್ಟಿತು. 1965ಕ್ಕೆ ಆಟ ಮುಗಿಯಿತು. ಆಮೇಲೆ ಕ್ಯಾಲಿಫೋರ್ನಿಯಾದ ಹೊಲಗಳಲ್ಲಿ ಕೂಲಿ, ಮತ್ತೆ ಕುಡಿತ. 2020ರಲ್ಲಿ ಕೊರೋನಾದಿಂದ ತೀರಿಕೊಂಡ. ಒಂದು ದಿನವೂ ಮೇಜರ್ ಲೀಗಿನಲ್ಲಿ ಆಡಲಿಲ್ಲ.

ಅದು ಹಳೆಯ ಕಾಲ, ಈಗ ವಿಜ್ಞಾನ ಬಂದಿದೆ ಎನ್ನುವವರುಂಟು. ಬಂದ ವಿಜ್ಞಾನ ಏನು ಮಾಡಿತು? ಲೀಗಿನವರೇ 2024ರ ಡಿಸೆಂಬರಿನಲ್ಲಿ ಹೊರಡಿಸಿದ ವರದಿ ನೋಡಿ. ಮೇಜರ್ ಲೀಗಿನ ವೇಗದ ಎಸೆತದ ಸರಾಸರಿ 2008ರಲ್ಲಿ ಗಂಟೆಗೆ 91.3 ಮೈಲಿ ಇದ್ದದ್ದು 2024ಕ್ಕೆ 94.2 ಆಯಿತು. ಎರಡೂ ಲೀಗುಗಳಲ್ಲಿ ಮೊಣಕೈ ಕಟ್ಟು ಹರಿದು ಶಸ್ತ್ರಚಿಕಿತ್ಸೆಗೆ ಹೋದವರು 2010ರಲ್ಲಿ 104, 2024ರಲ್ಲಿ 281. ವೇಗಕ್ಕೆ ಅಂಕ ಕೊಟ್ಟರೆ ಹುಡುಗರು ವೇಗವನ್ನೇ ತಂದೊಪ್ಪಿಸುತ್ತಾರೆ, ಕೈ ಹರಿಯುವ ತನಕ. ಚಿಕಿತ್ಸೆಯ ನಂತರ ವರ್ಷಕ್ಕೂ ಮೀರಿ ಅಂಗಳದ ಹೊರಗೆ ಕೂರಬೇಕು. ಅಷ್ಟರಲ್ಲಿ ಪಟ್ಟಿಗೆ ಇನ್ನೊಂದು ತೋಳು ಬಂದಿರುತ್ತದೆ.

ಈ ತಕ್ಕಡಿಯನ್ನು ನಮ್ಮ ದೇಶದವರೂ ಹತ್ತಿದ್ದಾರೆ. ಉತ್ತರ ಪ್ರದೇಶದ ಭರ್ಜಿ ಎಸೆತಗಾರರಾದ ರಿಂಕು ಸಿಂಗ್, ದಿನೇಶ್ ಪಟೇಲ್ ಇಬ್ಬರನ್ನೂ 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ತೆಗೆದುಕೊಂಡಿತು. ಇಬ್ಬರೂ ಮೇಜರ್ ಲೀಗ್ ಮುಟ್ಟಲಿಲ್ಲ. ಸಿನಿಮಾ ಮಾತ್ರ ಬಂತು.

"ಒಪ್ಪಿಯೇ ಸಹಿ ಹಾಕಿದ್ದಾನಲ್ಲ, ಯಾರು ಬಲವಂತ ಮಾಡಿದರು?" ಎಂದು ಧಣಿಗಳ ವಕೀಲರು ಕೇಳುತ್ತಾರೆ. ವ್ಯಾಪಾರಿ ಮಿತ್ರರೇ ನ್ಯಾಯ ಹೇಳಲಿ: ಒಬ್ಬನೇ ಗಿರಾಕಿಗೆ ಏಳು ವರ್ಷ ಮಾರಬೇಕು, ದರ ಅವನೇ ಹೇಳಬೇಕು ಎಂದರೆ ಅದು ವ್ಯಾಪಾರವೆ? ಆ ಹುಡುಗರ ಕರಾರು ಹಾಗೆಯೇ ಇತ್ತು. ಇದು ಸಾಲದೆ 2018ರಲ್ಲಿ 2,232 ಪುಟದ ಬಜೆಟ್ ಮಸೂದೆಯ ಹೊಟ್ಟೆಯಲ್ಲಿ ಒಂದು ಕಾನೂನನ್ನು ತೂರಿಸಿದರು. ಎಷ್ಟು ಹೊತ್ತು ದುಡಿಸಿದರೂ ವಾರಕ್ಕೆ 40 ಗಂಟೆಯ ಕನಿಷ್ಠ ಕೂಲಿ ಕೊಟ್ಟರೆ ಸಾಕು, ಓವರ್‌ಟೈಂ ಇಲ್ಲ! ಈ ಕಾನೂನಿಗೆ ಅವರಿಟ್ಟ ಹೆಸರು, ಅಮೆರಿಕಾದ ಆಟವನ್ನು ಉಳಿಸುವ ಕಾನೂನು. ಇಂಥ ನಾಮಕರಣದಲ್ಲಿ ಬಂಡವಾಳಗಾರರಿಗೆ ಸಾಟಿಯಿಲ್ಲ.

2022ರ ಸೆಪ್ಟೆಂಬರಿನಲ್ಲಿ 5,000ಕ್ಕೂ ಹೆಚ್ಚು ಮೈನರ್ ಲೀಗ್ ಹುಡುಗರು ಆಟಗಾರರ ಯೂನಿಯನ್ ಸೇರಿದರು. ಹಳೆಯ ಕೂಲಿ ಬಾಕಿಯ ದಾವೆಯಲ್ಲಿ ಧಣಿಗಳು 18.5 ಕೋಟಿ ಡಾಲರಿಗೆ ಆ ವರ್ಷವೇ ರಾಜಿಗೆ ಬಂದಿದ್ದರು. 2023ರ ಕರಾರಿನಲ್ಲಿ ಡಬಲ್ ಎ ಮೆಟ್ಟಿಲಿನ ವರ್ಷದ ಸಂಬಳ 13,800 ಡಾಲರಿನಿಂದ 30,250ಕ್ಕೆ ಏರಿತು. ಹೇಳಿ, ಆ ಹುಡುಗರ ಎಸೆತದ ಅಂಕ ಒಂದೇ ವರ್ಷದಲ್ಲಿ ಎರಡು ಪಟ್ಟಾಯಿತೆ? ತೋಳು ಅದೇ, ಚೆಂಡು ಅದೇ. ಒಟ್ಟಾಗಿ ಕೇಳಿದ್ದಷ್ಟೇ ಹೊಸದು.

ಧಣಿಗಳೂ ಬರಿಗೈಲಿ ಎದ್ದು ಹೋಗಲಿಲ್ಲ. ಋತುವಿನಲ್ಲಿ ತಂಡವೊಂದು 180 ಹುಡುಗರನ್ನು ಇಟ್ಟುಕೊಳ್ಳಬಹುದಾಗಿತ್ತು. 2024ರಿಂದ ಆ ಮಿತಿಯನ್ನು 165ಕ್ಕೆ ಇಳಿಸಿಕೊಂಡರು. 30 ತಂಡಗಳಿಗೆ ಲೆಕ್ಕ ಹಾಕಿದರೆ 450 ಜಾಗ. ಕರಾರು ಐದು ವರ್ಷದ್ದು, 2027ರ ಋತುವಿಗೆ ಮುಗಿಯುತ್ತದೆ. ಮುಂದಿನ ಮಾತುಕತೆಗೆ ಕೂತಾಗ ಯೂನಿಯನ್ ಮೊದಲು ಕೇಳಬೇಕಾದದ್ದು ಆ 450 ಜಾಗಗಳನ್ನು, ಆಮೇಲೆ ಮೊಣಕೈ ಹರಿದವನಿಗೆ ಆಟ ಬಿಟ್ಟ ಮೇಲೂ ಸಲ್ಲಬೇಕಾದ ಪರಿಹಾರವನ್ನು.