ಎರಡನೆಯ ಮನೆ: ಕೊಳ್ಳುವ ಮುನ್ನ

ನಮ್ಮ ಈ ಭಾಗದಲ್ಲಿ ಕೋಪರಿ ಎಂಬ ಹೆಸರು ಒಂದೇ ಸ್ಥಳಕ್ಕೆ ಸಲ್ಲುವುದಿಲ್ಲ. ಠಾಣೆ ಪೂರ್ವದಲ್ಲಿ ಒಂದು ಕೋಪರಿ. ವಾಶಿಯ ಮಗ್ಗುಲಲ್ಲಿ ಕೋಪರಿ ಗ್ರಾಮ. ಡೊಂಬಿವಲಿಗೆ ಹೊಂದಿಕೊಂಡು ಕೋಪರ್ ರೈಲು ನಿಲ್ದಾಣ. ಮಹಾನಗರಪಾಲಿಕೆಗಳು ಮೂರೂ ಬೇರೆ. ಆದುದರಿಂದ ‘ಕೋಪರಿಯಲ್ಲಿ ಒಂದು ಫ್ಲ್ಯಾಟು ಅಗ್ಗವಾಗಿ ಸಿಗುತ್ತದೆ’ ಎಂದು ಯಾರಾದರೂ ಕಿವಿಯಲ್ಲಿ ಉಸುರಿದರೆ, ದರ ವಿಚಾರಿಸುವುದಕ್ಕೆ ಮೊದಲು ಅದು ಯಾವ ಕೋಪರಿ, ಯಾರ ನೆಲ, ಯಾವ ಪಾಲಿಕೆಯ ಅನುಮತಿ ಎಂದು ಕೇಳುವುದು ವಿಹಿತ.

ನಮ್ಮವರು ಮೊದಲ ಮನೆಯನ್ನು ತಲೆಯ ಮೇಲೊಂದು ಸೂರು ಬೇಕೆಂದು ಕೊಂಡರು. ಎರಡನೆಯದನ್ನು ಹಣ ಬೆಳೆಯಲೆಂದು ಕೊಳ್ಳುತ್ತಾರೆ. ಆ ಹಣವೋ ನಿವೃತ್ತಿಯ ಪ್ರಾವಿಡೆಂಟ್ ಫಂಡು, ಇಲ್ಲವೆ ಊರಿನ ಗದ್ದೆ ಮಾರಿ ಬಂದ ಪಾಲು. ಇಷ್ಟು ದೊಡ್ಡ ಮೊತ್ತವನ್ನು ತೊಡಗಿಸುವಾಗ ನಾವು ಮಾಡುವ ಪರಿಶೀಲನೆ ಏನು? ‘ಮಾರುವವರು ನಮ್ಮ ಕಡೆಯವರೇ’ ಎಂಬ ಒಂದು ಮಾತು! ಊರ ನಂಟು ಮದುವೆಯ ಮಾತುಕತೆಗೆ ಸಾಲಬಹುದು, ಕ್ರಯಪತ್ರಕ್ಕೆ ಸಾಲದು.

ಡೊಂಬಿವಲಿಯ 65 ಕಟ್ಟಡಗಳ ಪ್ರಕರಣ ನಮ್ಮ ಕಣ್ಣೆದುರಿಗೇ ಇದೆ. ಕಲ್ಯಾಣ-ಡೊಂಬಿವಲಿ ಮಹಾನಗರಪಾಲಿಕೆಯ ಹೆಸರಿನಲ್ಲಿ ಖೋಟಾ ಅನುಮತಿ ಪತ್ರಗಳನ್ನು ಸೃಷ್ಟಿಸಿ, ಅವುಗಳ ಬಲದಿಂದ ಮಹಾರೇರಾ ನೋಂದಣಿಯನ್ನು ಪಡೆಯಲಾಗಿತ್ತು. 2022ರಲ್ಲಿ ತನಿಖೆ ಆರಂಭವಾಯಿತು. 2024ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ಅವನ್ನು ಕೆಡವಲು ಆದೇಶಿಸಿತು. ನೋಂದಣಿ ಸಂಖ್ಯೆಯನ್ನು ನಂಬಿ ಹಣ ತೆತ್ತ ಸಾಮಾನ್ಯ ಕುಟುಂಬಗಳು ಬೀದಿಯ ಭಯವನ್ನು ಎದುರಿಸಬೇಕಾಯಿತು. ಹಾಗೆಂದು ರೇರಾ ನಿರುಪಯೋಗಿ ಎಂದಲ್ಲ. ಸಂಖ್ಯೆಯಷ್ಟನ್ನೇ ನೋಡದೆ, ಅಲ್ಲಿ ಸಲ್ಲಿಸಿದ ಅನುಮತಿ ಪತ್ರದ ಪ್ರತಿಯನ್ನು ಪಾಲಿಕೆಯ ನಗರ ರಚನಾ ವಿಭಾಗಕ್ಕೆ ಒಯ್ದು, ‘ಇದು ನಿಮ್ಮದೇ?’ ಎಂದು ಕೇಳಬೇಕು. ಅರ್ಧ ದಿನದ ರಜೆ ವ್ಯರ್ಥವಾದೀತು, ಆಗಲಿ. ನಿವೇಶನ 500 ಚದರ ಮೀಟರು ಮೀರದಿದ್ದರೆ, ಇಲ್ಲವೆ ಮನೆಗಳು ಎಂಟನ್ನು ಮೀರದಿದ್ದರೆ ರೇರಾ ನೋಂದಣಿಯೇ ಕಡ್ಡಾಯವಲ್ಲವೆಂಬುದೂ ನೆನಪಿರಲಿ.

ಮನೆ ತೆರಿಗೆಯ ರಸೀದಿ, ವಿದ್ಯುತ್ ಬಿಲ್ಲುಗಳನ್ನು ತೋರಿಸಿ ‘ಎಲ್ಲ ಸಕ್ರಮ’ ಎನ್ನುವವರಿದ್ದಾರೆ. ಅಕ್ರಮ ಕಟ್ಟಡಕ್ಕೂ ಪಾಲಿಕೆ ತೆರಿಗೆ ವಿಧಿಸುತ್ತದೆ. ಅದರಿಂದ ಕಟ್ಟಡ ಸಕ್ರಮವಾಗದು. ನವಿಮುಂಬಯಿಯ ದಿಘಾದಲ್ಲಿ ಅಕ್ರಮ ಕಟ್ಟಡಗಳನ್ನು ಕೆಡವಬೇಕೆಂದು 2015ರಲ್ಲಿ ಆದೇಶವಾದಾಗ ಜನ ತುಂಬು ಸಂಸಾರಗಳೊಡನೆ ಅಲ್ಲಿ ವಾಸವಾಗಿದ್ದರು. ಮುಂಬ್ರಾದ ಬಳಿಯ ಶೀಳ್‌ನಲ್ಲಿ 2013ರ ಏಪ್ರಿಲ್ 4ರಂದು ಅನುಮತಿಯಿಲ್ಲದ ಕಟ್ಟಡ ಕುಸಿದು 74 ಜನ ಸತ್ತರು. ಹಣವಷ್ಟೇ ಪಣಕ್ಕಿದೆಯೆಂದು ಭಾವಿಸಬಾರದು.

ಇನ್ನು ಕಾಗದಪತ್ರಗಳ ಮಾತು. ಸಾತ್‌ಬಾರಾ ಉತಾರೆ ಅಥವಾ ಪ್ರಾಪರ್ಟಿ ಕಾರ್ಡಿನಲ್ಲಿ ಯಾರ ಹೆಸರಿದೆ, ಭೋಜಾ ಇದೆಯೆ ಎಂಬುದನ್ನು ನಮ್ಮದೇ ವಕೀಲರಿಂದ ನೋಡಿಸಬೇಕು; ಬಿಲ್ಡರನು ಸೂಚಿಸಿದ ವಕೀಲ ಬಿಲ್ಡರನ ವಕೀಲನೇ. ನವಿಮುಂಬಯಿಯಲ್ಲಿ ಬಹುಪಾಲು ನೆಲ ಸಿಡ್ಕೋ ಲೀಜಿನದು. ಹಸ್ತಾಂತರಕ್ಕೆ ಅದರ ಒಪ್ಪಿಗೆ, ಶುಲ್ಕಗಳ ವಿಷಯವನ್ನು ಲೀಜ್ ಪತ್ರದಲ್ಲಿಯೇ ಓದಬೇಕು. ಹಳೆಯ ಸೊಸೈಟಿಯಾದರೆ ಕನ್ವೇಯನ್ಸ್ ಆಗಿದೆಯೆ, ಓಸಿ ದೊರೆತಿದೆಯೆ, ಹಿಂದಿನವರ ಬಾಕಿ ಉಳಿದಿದೆಯೆ ಎಂದು ಕೇಳಬೇಕು. ಬರಿಯ ಪವರ್ ಆಫ್ ಅಟಾರ್ನಿಯ ಮೇಲಿನ ಮಾರಾಟದಿಂದ ಒಡೆತನ ಬರುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಹೇಳಿದೆ. ರೇರಾ ಕಾಯಿದೆಯಂತೆ ಕರಾರು ನೋಂದಣಿಯಾಗುವ ಮೊದಲು ಶೇಕಡಾ ಹತ್ತಕ್ಕಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ; ಕೇಳಿದರೆ ಅಲ್ಲಿಂದ ಏಳುವುದು ಲೇಸು.

ಎಲ್ಲ ಸರಿಯಿದ್ದರೂ ಲೆಕ್ಕ ಉಳಿಯುತ್ತದೆ. 50 ಲಕ್ಷದ ಮನೆ ತಿಂಗಳಿಗೆ 12,000 ರೂಪಾಯಿ ಬಾಡಿಗೆ ತರುತ್ತದೆಂದು ಹಿಡಿಯೋಣ. ವರ್ಷದಲ್ಲಿ ಒಂದು ತಿಂಗಳು ಖಾಲಿ ಬಿದ್ದರೆ ಕೈಗೆ ಬರುವುದು 1,32,000. ಸೊಸೈಟಿಯ ಖರ್ಚು ತಿಂಗಳಿಗೆ 2,500ರಂತೆ 30,000 ಕಳೆದರೆ 1,02,000. ಅಂದರೆ ಶೇಕಡಾ ಎರಡಕ್ಕೆ ಸ್ವಲ್ಪ ಮೇಲೆ. ಸ್ಟಾಂಪ್ ಡ್ಯೂಟಿ, ರಿಪೇರಿ, ತೆರಿಗೆ, ಬಾಡಿಗೆ ಮನೆಗೆ ಸೊಸೈಟಿ ವಿಧಿಸುವ ನಾನ್-ಆಕ್ಯುಪೆನ್ಸಿ ಶುಲ್ಕ ಇವೊಂದೂ ಇದರಲ್ಲಿ ಸೇರಿಲ್ಲ. ಬೆಲೆ ಏರಿದರೆ ಲಾಭ ನಿಜ. ಆದರೆ ಮಗಳ ಮದುವೆಗೋ ಆಸ್ಪತ್ರೆಗೋ ನಾಳೆಯೇ ಹಣ ಬೇಕೆಂದರೆ ಅಡುಗೆಮನೆಯನ್ನಷ್ಟೇ ಮಾರಲಾಗದು. ಸಾಲ ಮಾಡಿ ಎರಡನೆಯ ಮನೆ ಕೊಳ್ಳುವುದು ಅರುವತ್ತರ ಅಂಚಿನಲ್ಲಿರುವವರಿಗೆ ತಕ್ಕುದಲ್ಲವೆಂದೇ ನನ್ನ ಮತ.

ನಮ್ಮ ಸಂಘಗಳು ರಕ್ತದೊತ್ತಡ, ಮಧುಮೇಹಗಳ ತಪಾಸಣಾ ಶಿಬಿರಗಳನ್ನು ನಡೆಸುತ್ತ ಬಂದಿವೆ. ಆ ದಿನವೇ ಸಭಾಗೃಹದ ಒಂದು ಮೂಲೆಯಲ್ಲಿ ಮೇಜೊಂದನ್ನು ಹಾಕಿ, ಸದಸ್ಯರಾಗಿರುವ ವಕೀಲರಿಬ್ಬರನ್ನು ಕೂರಿಸಿದರೆ, ಮುಂಗಡ ಕೊಡುವ ಮೊದಲೇ ಕಾಗದಗಳನ್ನು ತೋರಿಸಲು ಜನ ಬಂದಾರು.