ಅರ್ಥವಾಗದವರು ಯಾರು?

‘ಹಣಕಾಸು ತಂತ್ರಜ್ಞಾನದ ನಿಯಮ ತಜ್ಞರ ಕೆಲಸ, ಜನರನ್ನು ಕೇಳುವುದು ಕಾಲಹರಣ’ ಎಂಬ ಲೇಖನ ಓದಿದೆ. ಲೇಖಕರು ಒಮ್ಮೆ ಅರಸೀಕೆರೆಗೆ ಬರಲಿ. ಕೊಬ್ಬರಿ ಮಾರಲು ಬಂದ ರೈತನಿಗೆ ‘ಎನ್‌ಬಿಎಫ್‌ಸಿ’ (ಬ್ಯಾಂಕೇತರ ಹಣಕಾಸು ಕಂಪನಿ) ಎಂದರೇನೆಂದು ಬಿಡಿಸಿ ಹೇಳಲು ಬಾರದಿರಬಹುದು. ಸಾಲದ ಆ್ಯಪ್ ಫೋನಿನ ನಂಬರುಗಳನ್ನೆಲ್ಲ ಬಾಚಿಕೊಂಡು ಬೀಗರ ಮನೆಗೇ ಕರೆ ಮಾಡಿ ಮಾನ ತೆಗೆದರೆ ಏನಾಗುತ್ತದೆಂದು ಮಾತ್ರ ಅವನು ಚೆನ್ನಾಗಿಯೇ ಹೇಳಬಲ್ಲ.

ಇಂಥ ದೂರುಗಳು ಬೀದಿಗೆ ಬಂದ ಮೇಲೆಯೇ ರಿಸರ್ವ್ ಬ್ಯಾಂಕ್ 2021ರ ಜನವರಿಯಲ್ಲಿ ಡಿಜಿಟಲ್ ಸಾಲದ ಬಗ್ಗೆ ಕಾರ್ಯತಂಡ ರಚಿಸಿದ್ದು. ನವೆಂಬರಿನಲ್ಲಿ ವರದಿ ಹೊರಬಿತ್ತು, ಡಿಸೆಂಬರ್ 31ರವರೆಗೆ ಜನರ ಅಭಿಪ್ರಾಯ ಕೇಳಲಾಯಿತು. 2022ರ ಸೆಪ್ಟೆಂಬರಿನ ನಿಯಮಗಳು ಕಾಂಟ್ಯಾಕ್ಟ್ ಪಟ್ಟಿಗೆ, ಕರೆ ವಿವರಗಳಿಗೆ ಆ್ಯಪ್‌ಗಳು ಕೈಹಾಕದಂತೆ ತಡೆದವು. ಇದೇನು ಕಾಲಹರಣವೇ?

ನನ್ನ ತಕರಾರು ಬೇರೆ. ಕೇಳಿದ್ದು ಸಾಲದು. ಆರು ವಾರ, ಇಂಗ್ಲಿಷ್ ವರದಿ! ಬೇಲೂರಿನ ಕಾಫಿ ತೋಟದ ಕೂಲಿಯಾಳು, ಹಳೇಬೀಡಿನ ಗುಡಿಯ ಮುಂದೆ ಕ್ಯೂಆರ್ ಕೋಡ್ ಇಟ್ಟುಕೊಂಡು ಎಳನೀರು ಮಾರುವಾಕೆ ಅದನ್ನು ಓದುವುದು ಯಾವಾಗ? ಸಾಲದ ಮುಖ್ಯಾಂಶ ಪತ್ರ ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕೆಂದು 2024ರಲ್ಲಿ ಇದೇ ರಿಸರ್ವ್ ಬ್ಯಾಂಕ್ ಅಪ್ಪಣೆ ಮಾಡಿತು. ಆ ಮಾತು ಕರಡು ನಿಯಮಗಳಿಗೂ ಅನ್ವಯಿಸಲಿ. ಎಪಿಎಂಸಿ ಅಂಗಳದಲ್ಲಿ, ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಲಿ.

ಕೇಳದೆ ಹೋದರೆ ಜನ ಸುಮ್ಮನಿರುತ್ತಾರೆಂದು ಲೇಖಕರು ನಂಬಿದಂತಿದೆ. ಆದರೆ 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಹೋದಾಗ ಬೆಂಗಳೂರಿನ ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಚೀಟಿ ಅಂಟಿಸಿದವು. ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಕೂರಿಸಿ ಮಾತನಾಡಬೇಕಾಯಿತು.